ಹಳೇ ಫಂಕ್, ಸೋಲ್ ಡ್ರಮ್ ಸದ್ದಿಗೆ ಕಡಿಮೆ ಬೆಲೆಯ ಮೈಕ್ ಆರಿಸುವುದು ಹೇಗೆ?

“ಡ್ರಮ್ಮಿಗೆ ಅಂತ ಮಾರುವ ಏಳು ಮೈಕಿನ ಸೆಟ್ ತಗೊಂಡೆ. ಪ್ರತಿ ಡ್ರಮ್ಮೂ ಸ್ಪಷ್ಟವಾಗಿ ಕೇಳುತ್ತೆ. ಆದ್ರೆ ಹಳೇ ಸೋಲ್ ರೆಕಾರ್ಡಿನ ಥರ ಇಲ್ಲವೇ ಇಲ್ಲ. ಇನ್ಯಾವ ಮೈಕ್ ಕೊಳ್ಳಲಿ?” ಓದುಗರಿಂದ ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇದೆ. ನನ್ನ ಉತ್ತರ ಪ್ರತಿ ಸಲವೂ ಒಂದೇ. ಇನ್ನೇನೂ ಕೊಳ್ಳಬೇಡಿ. ಏಳರಲ್ಲಿ ಐದನ್ನು ಪೆಟ್ಟಿಗೆಗೆ ವಾಪಸ್ ಹಾಕಿ, ಎರಡರಿಂದ ಶುರು ಮಾಡಿ.

ಸೋಲ್, ಫಂಕ್ ಅಂದರೆ ಅಮೆರಿಕದ ಕಪ್ಪು ಸಂಗೀತಗಾರರು ಬೆಳೆಸಿದ ಸಂಗೀತದ ಬಗೆಗಳು. 1960-70ರ ದಶಕದ ಆ ಡ್ರಮ್ ಸದ್ದು ಕೆಲವೇ ಮೈಕುಗಳಿಂದ ಬಂದದ್ದು. 60ರ ದಶಕದ ಮೊದಲ ಭಾಗದಲ್ಲಿ ಹೆಚ್ಚಿನ ಕಡೆ ಇಡೀ ಬ್ಯಾಂಡಿಗೆ ಟೇಪಿನಲ್ಲಿ ಇದ್ದದ್ದೇ ಮೂರೋ ನಾಲ್ಕೋ ಟ್ರ್ಯಾಕ್, ಅಂದರೆ ಸದ್ದನ್ನು ಬೇರೆ ಬೇರೆಯಾಗಿ ಹಿಡಿದಿಡುವ ಸಾಲುಗಳು. ಡ್ರಮ್ಮಿಗೆ ಸಿಗುತ್ತಿದ್ದದ್ದು ಒಂದು. ಎಷ್ಟೋ ಸಲ ಅದನ್ನೂ ಬಾಸ್ ಗಿಟಾರ್ ಜೊತೆ ಹಂಚಿಕೊಳ್ಳಬೇಕಿತ್ತು. ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಗೆ ಎಂಟು ಟ್ರ್ಯಾಕಿನ ಯಂತ್ರ ಬಂದದ್ದು 60ರ ದಶಕದ ಮಧ್ಯದಲ್ಲಿ. ಹಾಗಾಗಿ ಪ್ರತಿ ಡ್ರಮ್ಮಿಗೂ ಒಂದೊಂದು ಮೈಕ್ ಇಡುವ ಯೋಚನೆಗೆ ಜಾಗವೇ ಇರಲಿಲ್ಲ. ಈ ಸಂಗತಿ ಕೈಯಲ್ಲಿ ದುಡ್ಡು ಕಡಿಮೆ ಇರುವ ನಮಗೆ ತುಂಬಾ ಅನುಕೂಲ.

ಶುರು ಮಾಡುವ ಮೊದಲು ಏನೇನು ಬೇಕು

ಒಂದು ಡ್ರಮ್ ಸೆಟ್, ಎರಡು ಮೈಕ್, ಎರಡು ಗಟ್ಟಿ ಸ್ಟ್ಯಾಂಡ್, ಎರಡು ಎಕ್ಸ್‌ಎಲ್‌ಆರ್ ಕೇಬಲ್ ಬೇಕು. ಡ್ರಮ್ ಸೆಟ್ಟಿನಲ್ಲಿ ಕಿಕ್ ಅಂದರೆ ಕಾಲಿನ ಪೆಡಲ್ಲಿನಿಂದ ಬಾರಿಸುವ ದೊಡ್ಡ ಡ್ರಮ್, ಸ್ನೇರ್ ಅಂದರೆ ಡ್ರಮ್ಮರಿನ ಮುಂದೆ ಇರುವ, ಕೆಳಗೆ ತಂತಿ ಕಟ್ಟಿದ ಡ್ರಮ್, ಸಿಂಬಲ್ ಅಂದರೆ ಲೋಹದ ತಟ್ಟೆ, ಹೈ-ಹ್ಯಾಟ್ ಅಂದರೆ ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್. ಎಕ್ಸ್‌ಎಲ್‌ಆರ್ ಅಂದರೆ ಮೂರು ಪಿನ್ನಿನ ಮೈಕ್ ಕೇಬಲ್. ಜೊತೆಗೆ ಕಂಪ್ಯೂಟರ್, ಆಡಿಯೋ ಇಂಟರ್‌ಫೇಸ್ ಬೇಕು. ಇಂಟರ್‌ಫೇಸ್ ಅಂದರೆ ಮೈಕಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡಿ ಕಂಪ್ಯೂಟರಿಗೆ ಕಳಿಸುವ ಡಬ್ಬಿ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಥರದ್ದರಲ್ಲಿ ಎರಡು ಮೈಕ್ ಹಾಕಬಹುದು. ಬೆರಿಂಗರ್ ಯುಎಂಸಿ404ಎಚ್‌ಡಿ ಥರದ್ದರಲ್ಲಿ ನಾಲ್ಕು. ನಿಮ್ಮ ಹತ್ತಿರ ಎರಡು ಇನ್‌ಪುಟ್ಟಿನದ್ದು ಈಗಾಗಲೇ ಇದ್ದರೆ ಹೊಸದು ಬೇಡ.

ಕೇಬಲ್ಲಿಗೆ ಜಾಸ್ತಿ ಸುರಿಯಬೇಡಿ. ಬೆಂಗಳೂರಿನಲ್ಲಿ ಇರುವವರಾದರೆ ಎಸ್.ಪಿ. ರೋಡಿನಲ್ಲಿ ಕನೆಕ್ಟರ್, ವೈರ್ ತಂದು ನೀವೇ ಬೆಸುಗೆ ಹಾಕಿಕೊಳ್ಳಬಹುದು. ಆದರೆ ಸ್ಟ್ಯಾಂಡ್ ವಿಷಯದಲ್ಲಿ ಜಿಪುಣತನ ಬೇಡ. ಉದ್ದ ಕೈ ಚಾಚಿದ ಹಗುರ ಸ್ಟ್ಯಾಂಡ್ ನಿಧಾನಕ್ಕೆ ಬಾಗಿ, ಕೊನೆಗೆ ಮೈಕ್ ಸಮೇತ ಸಿಂಬಲ್ ಮೇಲೆ ಬೀಳುತ್ತದೆ. ಬಟ್ಟೆ ಚೀಲದಲ್ಲಿ ಮರಳು ತುಂಬಿ ಅದರ ಕಾಲಿನ ಮೇಲೆ ಇಡಿ.

ಹಂತ 1: ಒಂದೇ ಒಂದು ರೆಕಾರ್ಡ್ ಆರಿಸಿ

“ಹಳೇ ಸದ್ದು” ಅನ್ನುವ ಒಂದೇ ಸದ್ದು ಇಲ್ಲ. ಅಮೆರಿಕದಲ್ಲಿ ಊರಿಗೊಂದು ಸದ್ದು. ಮೆಂಫಿಸ್ ಬೇರೆ, ಡೆಟ್ರಾಯಿಟ್ ಬೇರೆ, ಸಿನ್ಸಿನಾಟಿ ಬೇರೆ.

ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ಆಲ್ ಜಾಕ್ಸನ್ ಜೂನಿಯರ್ ಬಾರಿಸಿದ್ದನ್ನು ಕೇಳಿ. ಸ್ನೇರ್ ದಪ್ಪಗೆ ‘ಟಪ್’ ಅನ್ನುತ್ತದೆ, ಹಿಂದೆ ಎಳೆದುಕೊಂಡು ಬರುವ ಬಾಲವೇ ಇಲ್ಲ. ಅದೇ ಊರಿನ ರಾಯಲ್ ಸ್ಟುಡಿಯೋದಲ್ಲಿ ನಿರ್ಮಾಪಕ ವಿಲ್ಲಿ ಮಿಚೆಲ್ ಮಾಡಿದ, ಗಾಯಕ ಆಲ್ ಗ್ರೀನ್ ಅವರ ರೆಕಾರ್ಡುಗಳಲ್ಲಿ ಡ್ರಮ್ ಇನ್ನೂ ಒಣಗಿದಂತೆ, ಕಿವಿಯ ಪಕ್ಕದಲ್ಲೇ ಕೂತಂತೆ ಇರುತ್ತದೆ. ಮೋಟೌನ್‌ನಲ್ಲಿ ಬೆನ್ನಿ ಬೆಂಜಮಿನ್, ಯೂರಿಯಲ್ ಜೋನ್ಸ್, ಪಿಸ್ಟಲ್ ಆಲನ್ ಬಾರಿಸಿದ್ದು ಇಡೀ ಬ್ಯಾಂಡಿನ ಜೊತೆ ಬೆರೆತು ಬರುತ್ತದೆ. ಗಾಯಕ ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ ಹಾಡು 1969ರ ನವೆಂಬರ್ 20ರಂದು ಸಿನ್ಸಿನಾಟಿಯಲ್ಲಿ ರೆಕಾರ್ಡ್ ಆದದ್ದು. ಅದರಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರೇ ಬಾರಿಸುವ ಆ ಎಂಟು ಬಾರುಗಳಲ್ಲಿ (ಬಾರ್ ಅಂದರೆ ತಾಳದ ಒಂದು ಸುತ್ತು) ಸ್ನೇರ್ ಬಿಗಿಯಾಗಿ, ಚುರುಕಾಗಿ ಇದೆ. ಮೆಂಫಿಸ್ ಸ್ನೇರಿಗೆ ಪೂರ್ತಿ ವಿರುದ್ಧ. ಆ ತುಣುಕನ್ನು ಮುಂದೆ ಲೆಕ್ಕವಿಲ್ಲದಷ್ಟು ಹಾಡುಗಳು ಬಳಸಿಕೊಂಡವು. ಹಾಡು ಬರೆದವರ ಪಟ್ಟಿಯಲ್ಲಿ ಮಾತ್ರ ಕ್ಲೈಡ್ ಅವರ ಹೆಸರು ಇರಲಿಲ್ಲ. ನನಗೆ ಇವತ್ತಿಗೂ ಅದು ನೋವಿನ ಸಂಗತಿ.

ಇವುಗಳಲ್ಲಿ ಒಂದನ್ನು ಆರಿಸಿ. ಹೆಡ್‌ಫೋನ್ ಹಾಕಿ ಹತ್ತು ಸಲ ಕೇಳಿ. ಕಿಕ್ ಎಷ್ಟು ಸಣ್ಣದಾಗಿದೆ, ಸಿಂಬಲ್ ಎಷ್ಟು ಹಿಂದೆ ಇದೆ ಗಮನಿಸಿ. ಇವತ್ತಿನ ಸಿನಿಮಾ ಹಾಡಿನ ಕಿಕ್ ಕೇಳಿ ಅಭ್ಯಾಸವಾದ ಕಿವಿಗೆ ಅಲ್ಲಿ ಕಿಕ್ಕೇ ಇಲ್ಲವೇನೋ ಅನ್ನಿಸುತ್ತದೆ.

ಹಂತ 2: ಮೈಕಿಗೆ ಮುಂಚೆ ಡ್ರಮ್ ಮತ್ತು ಕೋಣೆ

ಈ ಹಂತ ಬಿಟ್ಟು ಮುಂದೆ ಓದಬೇಡಿ. ಮೈಕ್ ಕೊಳ್ಳಲು ಇಟ್ಟ ದುಡ್ಡಿನಲ್ಲಿ ಮೊದಲ ಪಾಲು ಇಲ್ಲಿಗೆ ಹೋಗಬೇಕು, ಅದೂ ದೊಡ್ಡ ಪಾಲಲ್ಲ.

ಡ್ರಮ್ಮಿಗೆ ಒಂದೇ ಪದರದ, ಮೇಲೆ ಬಿಳಿ ಲೇಪ ಇರುವ ಹೆಡ್ ಹಾಕಿ. ಹೆಡ್ ಅಂದರೆ ಬಾರಿಸುವ ಹಾಳೆ. ಅಂಗಡಿಯಲ್ಲಿ ಇದನ್ನು ‘ಕೋಟೆಡ್’ ಅಂತ ಕೇಳಿ. ಹೊಳೆಯುವ ಪಾರದರ್ಶಕ ಹೆಡ್ಡಿನಿಂದ ಈ ಸದ್ದು ಬರುವುದು ಕಷ್ಟ. ಆಮೇಲೆ ಮಂಕು ಮಾಡಿ. ಆಲ್ ಜಾಕ್ಸನ್ ತಮ್ಮ ಪರ್ಸನ್ನೇ ಸ್ನೇರ್ ಮೇಲೆ ಇಟ್ಟು ಬಾರಿಸುತ್ತಿದ್ದರು. ನೀವು ಮಡಿಸಿದ ಕರ್ಚೀಫನ್ನು ಸ್ನೇರಿನ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಒಂದು ತುದಿ ಮಾತ್ರ ಅಂಟಿರಲಿ. ಆಗ ಪೆಟ್ಟು ಬಿದ್ದಾಗ ಬಟ್ಟೆ ಒಂದು ಕ್ಷಣ ಮೇಲೆದ್ದು ಮತ್ತೆ ಕೂರುತ್ತದೆ. ಪೆಟ್ಟಿನ ಸದ್ದು ಪೂರ್ತಿ ಬರುತ್ತದೆ, ಬಾಲ ಮಾತ್ರ ಕತ್ತರಿಸಿ ಹೋಗುತ್ತದೆ. ಕ್ಲೈಡ್ ಥರದ ಬಿಗಿ ಸ್ನೇರ್ ಬೇಕಾದರೆ ಬಟ್ಟೆ ಬೇಡ. ಹೆಡ್ಡನ್ನು ಚೆನ್ನಾಗಿ ಬಿಗಿ ಮಾಡಿ ಸಣ್ಣ ಚೂರು ಟೇಪ್ ಸಾಕು.

ಕಿಕ್ ಒಳಗೆ ಒಂದು ಹಳೇ ಕಂಬಳಿ ಇಡಿ, ಎರಡೂ ಹೆಡ್ಡಿಗೆ ಮೆತ್ತಗೆ ತಾಗುವಂತೆ. ಪೂರ್ತಿ ತುಂಬಬೇಡಿ, ರಟ್ಟಿನ ಡಬ್ಬಿ ಬಾರಿಸಿದಂತೆ ಆಗುತ್ತದೆ.

ಕೋಣೆ ವಿಷಯಕ್ಕೆ ಬರೋಣ. ಸ್ಟ್ಯಾಕ್ಸ್ ಮತ್ತು ರಾಯಲ್ ಎರಡೂ ಮೊದಲು ಸಿನಿಮಾ ಟಾಕೀಸುಗಳು. ಸೀಟುಗಳಿದ್ದ ಇಳಿಜಾರು ನೆಲವನ್ನು ಹಾಗೇ ಉಳಿಸಿಕೊಂಡಿದ್ದರು. ನೆಲ, ಚಾವಣಿ ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ಸದ್ದು ಅವುಗಳ ನಡುವೆ ಚೆಂಡಿನಂತೆ ಪುಟಿಯುವುದಿಲ್ಲ. ನಮ್ಮ ಮನೆಗಳು ಇದಕ್ಕೆ ಉಲ್ಟಾ. ಟೈಲ್ಸ್ ನೆಲ, ಆರ್‌ಸಿಸಿ ಚಾವಣಿ, ನಾಲ್ಕು ಬೋಳು ಗೋಡೆ. ಕೋಣೆ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಟ್ರ್ರ್ರ್’ ಅಂತ ನಡುಗಿದರೆ ಯಾವ ಮೈಕೂ ಅದನ್ನು ಮುಚ್ಚಿಡುವುದಿಲ್ಲ. ಡ್ರಮ್ ಕೆಳಗೆ ದಪ್ಪ ಜಮಖಾನ ಹಾಸಿ. ಹಿಂದೆ, ಪಕ್ಕದಲ್ಲಿ ಹಗ್ಗ ಕಟ್ಟಿ ಕಂಬಳಿ ಇಳಿಬಿಡಿ. ಆದರೆ ಕಂಬಳಿ ಗೋಡೆಗೆ ಅಂಟಿರಬಾರದು. ಒಂದು ಗೇಣು ದೂರ ಇದ್ದರೆ ಕೆಲಸ ಜಾಸ್ತಿ ಮಾಡುತ್ತದೆ. ಬಟ್ಟೆ ತುಂಬಿದ ಬೀರು, ಹಾಸಿಗೆ ಇರುವ ಮಲಗುವ ಕೋಣೆ ಎಷ್ಟೋ ಸಲ ಹಾಲ್‌ಗಿಂತ ಒಳ್ಳೆಯದು.

ಕೊನೆಯದಾಗಿ ಡ್ರಮ್ಮರ್. ಆ ಕಾಲದ ಡ್ರಮ್ಮರುಗಳು ಹೈ-ಹ್ಯಾಟ್ ಮೆತ್ತಗೆ, ಸ್ನೇರ್ ಗಟ್ಟಿಯಾಗಿ ಬಾರಿಸುತ್ತಿದ್ದರು. ಅಂದರೆ ಮಿಕ್ಸಿಂಗ್, ಯಾವುದು ಎಷ್ಟು ಜೋರಾಗಿರಬೇಕು ಅನ್ನುವ ಹೊಂದಿಕೆ, ಅವರ ಕೈಯಲ್ಲೇ ಆಗಿಬಿಡುತ್ತಿತ್ತು. ಎರಡೇ ಮೈಕ್ ಇಟ್ಟಾಗ ಹೈ-ಹ್ಯಾಟನ್ನು ಆಮೇಲೆ ತಗ್ಗಿಸಲು ದಾರಿಯೇ ಇಲ್ಲ. ಇದನ್ನು ಡ್ರಮ್ಮರಿಗೆ ಮೊದಲೇ ಹೇಳಿ.

ಹಂತ 3: ಮೂರು ಬಗೆಯ ಮೈಕ್ ತಿಳಿದುಕೊಳ್ಳಿ

*ಡೈನಾಮಿಕ್:* ಒಳಗೆ ತೆಳು ಪರದೆ, ಅದಕ್ಕೆ ಅಂಟಿದ ತಂತಿ ಸುರುಳಿ, ಸುತ್ತ ಅಯಸ್ಕಾಂತ. ವೇದಿಕೆಯಲ್ಲಿ ಭಾಷಣ ಮಾಡುವವರ ಕೈಯಲ್ಲಿ ಇರುವುದು ಹೆಚ್ಚಾಗಿ ಇದೇ. ಗಟ್ಟಿಮುಟ್ಟು, ಅಗ್ಗ. ಎಷ್ಟು ಜೋರು ಸದ್ದಿಗೂ ಹೆದರುವುದಿಲ್ಲ.

*ರಿಬ್ಬನ್:* ಅಯಸ್ಕಾಂತದ ನಡುವೆ ತೂಗುವ, ಕೂದಲಿಗಿಂತ ತೆಳ್ಳಗಿನ ಅಲ್ಯೂಮಿನಿಯಂ ಪಟ್ಟಿ. ಮೇಲಿನ ಕೀಚಲು ಸದ್ದನ್ನು ತಾನಾಗಿಯೇ ಮೆತ್ತಗೆ ಮಾಡುತ್ತದೆ. ಹಳೇ ಫೋಟೋಗಳಲ್ಲಿ ಕಾಣುವ ಮಾತ್ರೆ ಆಕಾರದ ಆರ್‌ಸಿಎ 77 ಇದೇ ಜಾತಿ. ರಿಬ್ಬನ್ನುಗಳಲ್ಲಿ ಹೆಚ್ಚಿನವು ಮುಂದೆ, ಹಿಂದೆ ಕೇಳಿಸಿಕೊಳ್ಳುತ್ತವೆ. ಎರಡು ಪಕ್ಕ ಕಿವುಡು.

*ಕಂಡೆನ್ಸರ್:* ವಿದ್ಯುತ್ ಬೇಕಾಗುವ, ಸೂಕ್ಷ್ಮ ಮೈಕ್. ಇಂಟರ್‌ಫೇಸಿನಲ್ಲಿ ‘48ವಿ’ ಅಂತ ಗುಂಡಿ ಇದೆಯಲ್ಲ, ಅದು ಇದಕ್ಕೆ ಕೊಡುವ ವಿದ್ಯುತ್. ಅದನ್ನೇ ಫ್ಯಾಂಟಮ್ ಪವರ್ ಅನ್ನುತ್ತಾರೆ.

ಜನ ಎಡವುವುದು ಹೆಚ್ಚಾಗಿ ಇಲ್ಲೇ. “ಡ್ರಮ್ ಮೇಲೆ ತೂಗುಹಾಕಲು ಕಂಡೆನ್ಸರ್ ಜೋಡಿ ಕೊಳ್ಳಿ” ಅನ್ನುವುದು ಎಲ್ಲರೂ ಕೊಡುವ ಸಲಹೆ. ಇವತ್ತಿನ ಪಾಪ್, ರಾಕ್ ಸದ್ದಿಗೆ ಅದು ಸರಿ. ನಮ್ಮ ಕೆಲಸಕ್ಕೆ ಅಲ್ಲ. ಅಗ್ಗದ ಕಂಡೆನ್ಸರುಗಳಲ್ಲಿ ಬಹುಪಾಲು 8,000ದಿಂದ 12,000 ಹರ್ಟ್ಸ್ ಸುತ್ತ ಸದ್ದನ್ನು ಎತ್ತಿ ಕೊಡುತ್ತವೆ. ಹರ್ಟ್ಸ್ ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ, ಸಂಖ್ಯೆ ಏರಿದಷ್ಟೂ ಸದ್ದು ಕೀಚಲು. ಸಿಂಬಲ್ಲುಗಳು ಚುಚ್ಚುವುದು ಸರಿಯಾಗಿ ಅದೇ ಜಾಗದಲ್ಲಿ. ಹಳೇ ಸದ್ದಿಗಾಗಿ ನಾವು ಆಮೇಲೆ ಕಂಪ್ರೆಸರ್ ಜೋರಾಗಿ ಬಳಸುತ್ತೇವೆ. ಕಂಪ್ರೆಸರ್ ಅಂದರೆ ಜೋರು ಸದ್ದನ್ನು ತಗ್ಗಿಸಿ, ಮೆಲ್ಲಗಿನದನ್ನು ಮೇಲೆ ತರುವ ಸಾಧನ. ಅದು ಸ್ನೇರಿನ ಪೆಟ್ಟನ್ನು ಕೆಳಗೆ ಒತ್ತಿದಾಗ ಹಿಂದಿದ್ದ ಸಿಂಬಲ್ ಮುಂದಕ್ಕೆ ಬರುತ್ತದೆ. ಮೈಕಿನಲ್ಲೇ ಕೀಚಲು ಇದ್ದರೆ ಈಗ ಅದು ಎರಡರಷ್ಟಾಗುತ್ತದೆ. ಮೈಕ್ ಮೊದಲೇ ಮಂಕಾಗಿದ್ದರೆ ನೀವು ಎಷ್ಟು ಬೇಕಾದರೂ ಒತ್ತಬಹುದು.

ಆ ಕಾಲದ ಸ್ಟುಡಿಯೋಗಳಲ್ಲೂ ಒಳ್ಳೊಳ್ಳೆ ಕಂಡೆನ್ಸರ್ ಇದ್ದವು, ನಿಜ. ಆದರೆ ಅವು ಅಗ್ಗದವಲ್ಲ. ಅವುಗಳ ಮೇಲಿನ ಸ್ವರಗಳು ಚುಚ್ಚುತ್ತಿರಲಿಲ್ಲ. ಅಗ್ಗದ ಕಂಡೆನ್ಸರಿಗೂ ಅಗ್ಗದ ಡೈನಾಮಿಕ್ಕಿಗೂ ಹೋಲಿಸಿದರೆ ನಮ್ಮ ಕೆಲಸಕ್ಕೆ ಡೈನಾಮಿಕ್ ಗೆಲ್ಲುತ್ತದೆ.

ಹಂತ 4: ಮೊದಲ ಮೈಕ್, ಇಡೀ ಸೆಟ್ಟಿಗೆ ಒಂದೇ

ನನ್ನ ಆಯ್ಕೆ ಶೂರ್ ಎಸ್‌ಎಂ57. 1965ರಿಂದ ಇಂದಿನವರೆಗೆ ತಯಾರಾಗುತ್ತಿದೆ. 40ರಿಂದ 15,000 ಹರ್ಟ್ಸ್‌ವರೆಗೆ ಕೇಳುತ್ತದೆ, ಅದಕ್ಕಿಂತ ಮೇಲೆ ಇಲ್ಲ. ನಮಗೆ ಬೇಕಾದದ್ದೂ ಅಷ್ಟೇ. ನಮ್ಮಲ್ಲಿ ಬೆಲೆ ಸುಮಾರು ಹತ್ತು ಸಾವಿರದ ಆಸುಪಾಸು. ಮನೆಯಲ್ಲಿ ಈಗಾಗಲೇ ಎಸ್‌ಎಂ58 ಇದ್ದರೆ ಅದನ್ನೇ ಬಳಸಿ. ಎರಡರ ಒಳಗಿನ ಮೂಲ ವಿನ್ಯಾಸ ಒಂದೇ, ಮುಂದಿನ ಜಾಲರಿ ಬೇರೆ.

ಅಷ್ಟು ದುಡ್ಡು ಇಲ್ಲವೇ? ಬೆರಿಂಗರ್ ಎಕ್ಸ್‌ಎಂ8500 ಇದರ ಒಂದು ಸಣ್ಣ ಪಾಲಿನ ಬೆಲೆಗೆ ಸಿಗುತ್ತದೆ. ಈ ಕೆಲಸಕ್ಕೆ ಅದು ಸಾಕು, ಧೈರ್ಯವಾಗಿ ಕೊಳ್ಳಿ. ಇನ್ನೊಂದು ದಾರಿಯೂ ಇದೆ. ಮದುವೆ, ಜಾತ್ರೆಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರ ಹತ್ತಿರ ಶೂರ್, ಅಹುಜಾ ಡೈನಾಮಿಕ್ ಮೈಕುಗಳು ಇರುತ್ತವೆ. ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತಂದು ಕೇಳಿ ನೋಡಿ. ಕೇಬಲ್ಲಿನ ತುದಿ ಮಾತ್ರ ನೋಡಿಕೊಳ್ಳಿ. ಗಿಟಾರಿನ ಥರ ಒಂದೇ ಕಡ್ಡಿಯ ಜಾಕ್ ಇದ್ದರೆ ಇಂಟರ್‌ಫೇಸಿಗೆ ಸರಿಯಾಗಿ ಕೂರುವುದಿಲ್ಲ, ಗೊರಗೊರ ಬರುತ್ತದೆ. ಮೂರು ಪಿನ್ನಿನದ್ದನ್ನೇ ಕೇಳಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಎಲೆಕ್ಟ್ರೋ-ವಾಯ್ಸ್ 635ಎ ಅನ್ನುವ ಉದ್ದನೆ ಮೈಕ್ ಅಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುತ್ತದೆ. ಟಿವಿ ವರದಿಗಾರರು ದಶಕಗಳ ಕಾಲ ಹಿಡಿದು ಓಡಾಡಿದ್ದು ಇದೇ. 80ರಿಂದ 13,000 ಹರ್ಟ್ಸ್ ಅಷ್ಟೇ ಕೇಳುತ್ತದೆ. ಎಲ್ಲಾ ದಿಕ್ಕಿನಿಂದ ಸಮವಾಗಿ ಕೇಳಿಸಿಕೊಳ್ಳುತ್ತದೆ. ಡ್ರಮ್ ಮೇಲೆ ಇಟ್ಟರೆ ಏನೂ ಮಾಡದೆ ಅರ್ಧ ಹಳೇ ಸದ್ದು ಬಂದುಬಿಡುತ್ತದೆ. ಸಿಕ್ಕರೆ ಬಿಡಬೇಡಿ.

ಈಗ ಎಲ್ಲಿ ಇಡಬೇಕು? ಮೂರು ಜಾಗ ಪ್ರಯತ್ನಿಸಿ. ಪ್ರತಿಯೊಂದರಲ್ಲೂ ಒಂದು ನಿಮಿಷ ರೆಕಾರ್ಡ್ ಮಾಡಿ ಹೋಲಿಸಿ.

1. ಡ್ರಮ್ಮರಿನ ಬಲ ಭುಜದ ಮೇಲೆ, ಕಿವಿಯ ಎತ್ತರದಲ್ಲಿ, ಸ್ನೇರ್ ಕಡೆಗೆ ಮುಖ. ಡ್ರಮ್ಮರ್ ಏನು ಕೇಳುತ್ತಾರೋ ಮೈಕೂ ಅದನ್ನೇ ಕೇಳುತ್ತದೆ. ಹೈ-ಹ್ಯಾಟ್ ದೂರ ಉಳಿಯುತ್ತದೆ.

2. ಸ್ನೇರ್ ಮೇಲೆ ನೇರ ಎತ್ತರದಲ್ಲಿ, ಸುಮಾರು ಒಂದು ಮೀಟರ್. ಎಲ್ಲಾ ಸಮವಾಗಿ ಬರುತ್ತದೆ, ಆದರೆ ಸಿಂಬಲ್ ಜಾಸ್ತಿ.

3. ಕಿಕ್ಕಿನ ಅಂಚಿನ ಮೇಲೆ ಒಂದು ಗೇಣು ಎತ್ತರದಲ್ಲಿ, ಡ್ರಮ್ಮರಿನ ಮಂಡಿಗಳ ನಡುವಿನ ಜಾಗಕ್ಕೆ ಹತ್ತಿರ, ಸ್ನೇರ್ ಕಡೆಗೆ ತಿರುಗಿಸಿ. ಸಿಂಬಲ್ಲುಗಳು ಮೈಕಿನ ಮೇಲೆಯೂ ಹಿಂದೆಯೂ ಇರುವುದರಿಂದ ಕಡಿಮೆ ಕೇಳುತ್ತವೆ. ಕಿಕ್, ಸ್ನೇರ್ ಎರಡೂ ಒರಟಾಗಿ, ಹತ್ತಿರದಿಂದ ಬರುತ್ತವೆ. ಫಂಕ್ ತಾಳಕ್ಕೆ ಒಂದೇ ಮೈಕ್ ಅಂದರೆ ನನ್ನ ಮೊದಲ ಆಯ್ಕೆ ಇದು.

ಒಂದು ವಾರ ಒಂದೇ ಮೈಕಿನಲ್ಲಿ ಕೆಲಸ ಮಾಡಿ. ಮೈಕನ್ನು ನಾಲ್ಕು ಬೆರಳು ಆಚೀಚೆ ಸರಿಸಿದರೆ ಎಷ್ಟು ಬದಲಾಗುತ್ತದೆ ಅನ್ನುವುದು ಕಿವಿಗೆ ಹತ್ತುತ್ತದೆ. ಇದು ಗೊತ್ತಾಗದೆ ಎರಡನೆಯದನ್ನು ಸೇರಿಸಿದರೆ ಗೊಂದಲ ಎರಡರಷ್ಟು.

ಹಂತ 5: ಎರಡನೆಯದು ಕಿಕ್ಕಿಗೆ

ಅಂಗಡಿಯವರು ‘ಕಿಕ್ ಮೈಕ್’ ಅಂತ ಬೇರೆಯೇ ಒಂದನ್ನು ತೋರಿಸುತ್ತಾರೆ. ಶೂರ್ ಬೀಟಾ 52ಎ, ಎಕೆಜಿ ಡಿ112, ಆಡಿಕ್ಸ್ ಡಿ6 ಎಲ್ಲಾ ಒಳ್ಳೆಯ ಮೈಕುಗಳೇ. ಆದರೆ ಅವು ಪೆಡಲ್ ಹೊಡೆತದ ‘ಟಿಕ್’ ಸದ್ದನ್ನು ಎತ್ತಿ ಕೊಡುತ್ತವೆ. ಡಿ6 ಅಂತೂ ನಡುವಿನ ಸ್ವರಗಳನ್ನು ಚೆನ್ನಾಗಿ ಕೆತ್ತಿ ತೆಗೆಯುತ್ತದೆ. ರಾಕ್ ಸಂಗೀತಕ್ಕೆ ಅದು ಬೇಕು. ಸೋಲ್ ಕಿಕ್ಕಿನ ಜೀವ ಇರುವುದೇ ಆ ನಡುವಿನ ‘ಧಪ್’ನಲ್ಲಿ, ಅಲ್ವಾ? ಹಾಗಾಗಿ ಮೊದಲಿಗೆ ಎರಡನೇ ಎಸ್‌ಎಂ57, ಎಸ್‌ಎಂ58 ಅಥವಾ ಎಕ್ಸ್‌ಎಂ8500 ಸಾಕು.

ಕಿಕ್ಕಿನ ಮುಂದಿನ ಹೆಡ್ ಹಾಗೇ ಇದ್ದರೆ, ಅದರಿಂದ ಒಂದು ಗೇಣು ದೂರದಲ್ಲಿ, ನಡುವಿಗಿಂತ ಸ್ವಲ್ಪ ಪಕ್ಕಕ್ಕೆ ಮೈಕ್ ಇಡಿ. ಇದು 60ರ ದಶಕದ ದುಂಡನೆ ಸದ್ದು. ಮುಂದಿನ ಹೆಡ್ ತೆಗೆದು ಕಂಬಳಿ ಇಟ್ಟು, ಮೈಕನ್ನು ಬಾಯಿಯ ಅಂಚಿನಲ್ಲಿ ಇಟ್ಟರೆ 70ರ ದಶಕದ ಬಿಗಿ ಸದ್ದು. ದಪ್ಪ ಸಾಲದಿದ್ದರೆ ಮೈಕನ್ನು ಇನ್ನಷ್ಟು ಹತ್ತಿರ ತನ್ನಿ. ಒಂದೇ ದಿಕ್ಕಿಗೆ ಕೇಳುವ ಮೈಕುಗಳು ಹತ್ತಿರ ಬಂದಷ್ಟೂ ಕೆಳಗಿನ ಸ್ವರಗಳನ್ನು ಉಬ್ಬಿಸುತ್ತವೆ. ಗಾಯಕರು ಮೈಕ್ ಬಾಯಿಗೆ ಒತ್ತಿ ಹಾಡಿದಾಗ ಧ್ವನಿ ದಪ್ಪಗಾಗುವುದು ಇದೇ ಕಾರಣಕ್ಕೆ.

ಹಂತ 6: ಮೂರನೆಯದು ಬೇಕೇ ಬೇಕಾದರೆ

ದುಡ್ಡು ಕೂಡಿದ ಮೇಲೆ ನಾನು ಸ್ನೇರಿಗೆ ಅಂತ ಹೊಸ ಮೈಕ್ ಕೊಳ್ಳುವುದಿಲ್ಲ. ಒಂದು ರಿಬ್ಬನ್ ಕೊಂಡು, ಮೇಲಿರುವ ಡೈನಾಮಿಕ್ಕಿನ ಜಾಗದಲ್ಲಿ ಅದನ್ನು ಇಡುತ್ತೇನೆ. ಬಿಡುವಾದ ಡೈನಾಮಿಕ್ ಸ್ನೇರಿಗೆ ಹೋಗುತ್ತದೆ. ಎಂಎಕ್ಸ್‌ಎಲ್ ಆರ್144 ಅಗ್ಗದ ರಿಬ್ಬನ್ನುಗಳಲ್ಲಿ ಹೆಸರಾದದ್ದು. ಯುರೋಪಿನಲ್ಲಿ ಇರುವವರು ಟಿ.ಬೋನ್ ಆರ್‌ಬಿ 500 ನೋಡಬಹುದು.

ರಿಬ್ಬನ್ನಿನ ಕಿವುಡು ಪಕ್ಕ ಇದೆಯಲ್ಲ, ಅದನ್ನು ಹೈ-ಹ್ಯಾಟ್ ಕಡೆಗೆ ತಿರುಗಿಸಿ. ಹೈ-ಹ್ಯಾಟ್ ಅರ್ಧಕ್ಕರ್ಧ ಕರಗಿಹೋಗುತ್ತದೆ. ಯಾವ ಸಾಫ್ಟ್‌ವೇರೂ ಇದನ್ನು ಇಷ್ಟು ಚೆನ್ನಾಗಿ ಮಾಡುವುದಿಲ್ಲ. ಅದರ ಬೆನ್ನು ಚಾವಣಿಯನ್ನು ಕೇಳುತ್ತದೆ ಅನ್ನುವುದು ನೆನಪಿರಲಿ. ಮೇಲೆ ಒಂದು ಕಂಬಳಿ ಕಟ್ಟಿ.

ಎಚ್ಚರಿಕೆಗಳು: ರಿಬ್ಬನ್ನನ್ನು ಕಿಕ್ಕಿನ ತೂತಿನ ಮುಂದೆ ಇಡಬೇಡಿ, ಗಾಳಿಯ ಹೊಡೆತಕ್ಕೆ ಪಟ್ಟಿ ಹಿಗ್ಗುತ್ತದೆ. ಕೆಲಸ ಮಾಡುತ್ತಿದೆಯಾ ಅಂತ ಊದಿ ನೋಡಬೇಡಿ. ಸಾಗಿಸುವಾಗ ಬಟ್ಟೆ ಸುತ್ತಿ. 48ವಿ ಗುಂಡಿ ಆಫ್ ಮಾಡಿಯೇ ಇಡಿ. ಸರಿಯಾದ ಕೇಬಲ್ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೆ ಕೇಬಲ್ಲಿನಲ್ಲಿ ಬೆಸುಗೆ ತಪ್ಪಿದ್ದರೆ ಪಟ್ಟಿ ಹಾಳಾಗಬಹುದು. ನೀವೇ ಬೆಸುಗೆ ಹಾಕಿದ ಕೇಬಲ್ ಆಗಿದ್ದರೆ ಇನ್ನೂ ಹುಷಾರು.

ಹಂತ 7: ಅಂಗಡಿಯಲ್ಲಿ ಎಡವುವ ಜಾಗಗಳು

ನಕಲಿ ಎಸ್‌ಎಂ57, ಎಸ್‌ಎಂ58 ಎಲ್ಲಾ ಕಡೆ ಇವೆ. ಅರ್ಧ ಬೆಲೆಗೆ “ಹೊಸದು, ಬಿಲ್ ಇಲ್ಲ” ಅಂದರೆ ಬಿಟ್ಟು ಬನ್ನಿ. ಸೆಕೆಂಡ್‌ಹ್ಯಾಂಡ್ ಆದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಜೊತೆಗಿರಲಿ. ಅಸಲಿ ಎಸ್‌ಎಂ57 ಸುಮಾರು 284 ಗ್ರಾಂ, ಎಸ್‌ಎಂ58 ಸುಮಾರು 298 ಗ್ರಾಂ ತೂಗುತ್ತದೆ. ನಕಲಿ ಎಷ್ಟೋ ಸಲ ಹಗುರ ಇರುತ್ತದೆ. ತೂಕ ಸರಿ ಇದ್ದ ಮಾತ್ರಕ್ಕೆ ಅಸಲಿ ಅಂತಲ್ಲ, ಆದರೆ ತೂಕ ತಪ್ಪಿದ್ದರೆ ನಕಲಿ ಅಂತಲೇ ತಿಳಿಯಿರಿ.

ಡ್ರಮ್ಮಿಗೆ ಅಂತ ಮಾರುವ ಏಳು ಮೈಕಿನ ಸೆಟ್ಟುಗಳ ಬಗ್ಗೆ ಶುರುವಿನಲ್ಲೇ ಹೇಳಿದೆ. ಆ ಬೆಲೆಗೆ ಒಂದೋ ಎರಡೋ ಒಳ್ಳೆಯ ಡೈನಾಮಿಕ್ ಬರುತ್ತವೆ. ‘ವಿಂಟೇಜ್’ ಅಂತ ಹೆಸರಿಟ್ಟು, ಹಳೇ ಆಕಾರದ ಹೊಳೆಯುವ ಜಾಲರಿ ಹಾಕಿ ಮಾರುವ ಮೈಕುಗಳಿಗೂ ಮರುಳಾಗಬೇಡಿ. ಹೊರಗಿನ ಆಕಾರ ಹಳೆಯದು, ಒಳಗಿರುವುದು ಇವತ್ತಿನದು.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗಾಲದ ತೇವಕ್ಕೆ ಕಂಡೆನ್ಸರ್ ಮೈಕುಗಳು ಚಟಪಟ ಅನ್ನಲು ಶುರು ಮಾಡುತ್ತವೆ. ಡೈನಾಮಿಕ್ಕಿಗೆ ಈ ಕಾಟ ತೀರಾ ಕಡಿಮೆ. ಯಾವುದೇ ಆದರೂ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಹಂತ 8: ಎರಡೂ ಮೈಕ್ ಒಂದಕ್ಕೊಂದು ಜಗಳ ಆಡದಂತೆ

ಇದನ್ನು ಫೇಸ್ (phase) ಸರಿಮಾಡುವುದು ಅನ್ನುತ್ತಾರೆ. ಸದ್ದು ಅಲೆ. ಒಂದೇ ಪೆಟ್ಟಿನ ಅಲೆ ಒಂದು ಮೈಕಿನಲ್ಲಿ ಮೇಲೇಳುವಾಗ ಇನ್ನೊಂದರಲ್ಲಿ ಕೆಳಗಿಳಿಯುತ್ತಿದ್ದರೆ, ಸೇರಿಸಿದಾಗ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಮೊದಲು ಸಾಯುವುದು ಕಿಕ್ಕಿನ ತೂಕ. “ಎರಡು ಮೈಕ್ ಹಾಕಿದ ಮೇಲೆ ಸದ್ದು ತೆಳ್ಳಗಾಯ್ತು” ಅನ್ನುವವರಲ್ಲಿ ಹೆಚ್ಚಿನವರ ಸಮಸ್ಯೆ ಇದೇ. ಮೈಕ್ ಬದಲಿಸಿದರೆ ಇದು ಹೋಗುವುದಿಲ್ಲ.

ಸದ್ದು ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಹಾಗಾಗಿ ದೂರವೇ ಇಲ್ಲಿ ಮುಖ್ಯ. ಹೀಗೆ ಮಾಡಿ:

ಎರಡೂ ಮೈಕನ್ನು ಒಂದೇ ಮಟ್ಟಕ್ಕೆ ತಂದು ಮೊನೋದಲ್ಲಿ, ಅಂದರೆ ಎಡ-ಬಲ ಇಲ್ಲದೆ ಒಂದೇ ಸದ್ದಾಗಿ ಕೇಳಿ. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ವೃತ್ತಕ್ಕೆ ಅಡ್ಡಗೆರೆ ಎಳೆದ ಗುರುತಿನ ಗುಂಡಿ ಇರುತ್ತದೆ. ಕಿಕ್ ಮೈಕಿನ ಟ್ರ್ಯಾಕಿನಲ್ಲಿ ಅದನ್ನು ಒತ್ತಿ. ಆಡಾಸಿಟಿ ಬಳಸುವವರು ‘ಇನ್ವರ್ಟ್’ ಹುಡುಕಿ. ಒತ್ತಿದಾಗ, ಬಿಟ್ಟಾಗ, ಯಾವುದರಲ್ಲಿ ಕಿಕ್ ದಪ್ಪಗೆ ಕೇಳುತ್ತದೋ ಅದೇ ಸರಿ. ಎರಡರಲ್ಲೂ ಅಷ್ಟಕ್ಕಷ್ಟೇ ಅನ್ನಿಸಿದರೆ ಮೇಲಿನ ಮೈಕನ್ನು ಒಂದು ಗೇಣು ಎತ್ತಿ ಅಥವಾ ಇಳಿಸಿ ಮತ್ತೆ ನೋಡಿ.

ಮೂರು ಮೈಕ್ ಇದ್ದರೆ ಒಂದು ದಾರ ತನ್ನಿ. ಸ್ನೇರಿನ ನಡುವಿನಿಂದ ಮೇಲಿನ ಮೈಕಿಗೆ ಇರುವ ದೂರ, ಕಿಕ್ ಪೆಡಲ್ ತಾಗುವ ಜಾಗದಿಂದ ಅದೇ ಮೈಕಿಗೆ ಇರುವ ದೂರ, ಎರಡನ್ನೂ ಹೆಚ್ಚುಕಡಿಮೆ ಸಮ ಮಾಡಿ. ಆಮೇಲೆ ಮೇಲಿನ ಮೈಕ್ ಜೊತೆ ಕಿಕ್ಕನ್ನು, ಅದರ ನಂತರ ಸ್ನೇರನ್ನು ಒಂದೊಂದಾಗಿ ಹೋಲಿಸಿ. ಮೂರನ್ನೂ ಒಟ್ಟಿಗೆ ಬಿಡಿಸಲು ಹೋಗಬೇಡಿ.

ಹಂತ 9: ಮಟ್ಟ ಇಟ್ಟು ರೆಕಾರ್ಡ್ ಮಾಡಿ

ಡ್ರಮ್ಮರಿಗೆ ಹಾಡಿನ ಅತಿ ಜೋರಿನ ಭಾಗ ಬಾರಿಸಲು ಹೇಳಿ. ಮೀಟರಿನಲ್ಲಿ ಅತಿ ಎತ್ತರದ ಪೆಟ್ಟು ಮೈನಸ್ 10 ಡೆಸಿಬಲ್ ಸುತ್ತ ನಿಲ್ಲಲಿ. ಸುಮ್ನೆ ಕೆಂಪಿನವರೆಗೆ ಏರಿಸಬೇಡಿ. ಹಳೇ ಟೇಪಿನಲ್ಲಿ ಕೆಂಪು ದಾಟಿದರೆ ಸದ್ದು ದಪ್ಪಗಾಗುತ್ತಿತ್ತು, ಕಂಪ್ಯೂಟರಿನಲ್ಲಿ ಅದು ಬರೀ ಒಡೆಯುತ್ತದೆ. ಲ್ಯಾಪ್‌ಟಾಪಿನ ಚಾರ್ಜರಿನಿಂದ ‘ಗುಂಯ್’ ಬಂದರೆ ಅರ್ತ್ ಇರುವ ಮೂರು ಪಿನ್ನಿನ ಪ್ಲಗ್ಗಿಗೆ ಹಾಕಿ, ಅಥವಾ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ.

ಹಂತ 10: ಆಮೇಲಿನ ಕೆಲಸ

ಎಲ್ಲಾ ಟ್ರ್ಯಾಕನ್ನೂ ನಡುವಿಗೆ ತಂದು ಮೊನೋ ಮಾಡಿ. 10,000 ಹರ್ಟ್ಸ್‌ಗಿಂತ ಮೇಲಿನದನ್ನು ನಿಧಾನಕ್ಕೆ ಇಳಿಸಿ. ಸಾಲದಿದ್ದರೆ 8,000ಕ್ಕೆ ಬನ್ನಿ. ಎಲ್ಲಾ ಮೈಕ್ ಸೇರಿದ ಸದ್ದಿಗೆ ಒಂದೇ ಕಂಪ್ರೆಸರ್ ಹಾಕಿ. ಅನುಪಾತ 4ಕ್ಕೆ 1, ಅಂದರೆ ಮಿತಿ ದಾಟಿದ ಸದ್ದು 4 ಡೆಸಿಬಲ್ ಏರಿದರೆ ಹೊರಗೆ 1 ಮಾತ್ರ ಏರುತ್ತದೆ. ಅಟ್ಯಾಕ್, ಅಂದರೆ ಹಿಡಿಯಲು ತೆಗೆದುಕೊಳ್ಳುವ ಸಮಯ, 20-30 ಮಿಲಿಸೆಕೆಂಡ್ ಇರಲಿ. ಆಗ ಪೆಟ್ಟಿನ ಮೊನೆ ತಪ್ಪಿಸಿಕೊಂಡು ಹೊರಗೆ ಬರುತ್ತದೆ. ರಿಲೀಸ್, ಅಂದರೆ ಬಿಡುವ ಸಮಯ, 100 ಮಿಲಿಸೆಕೆಂಡಿಗಿಂತ ಕಡಿಮೆ. ಆಗ ಪೆಟ್ಟುಗಳ ನಡುವೆ ಕೋಣೆ ಉಸಿರಾಡಿದಂತೆ ಕೇಳುತ್ತದೆ. 6ರಿಂದ 10 ಡೆಸಿಬಲ್ ಒತ್ತಿದರೂ ಪರವಾಗಿಲ್ಲ.

ಮನೆಯ ಅಟ್ಟದ ಮೇಲೆ ಹಳೇ ಕ್ಯಾಸೆಟ್ ಡೆಕ್ ಇದೆಯಾ? ಇಂಟರ್‌ಫೇಸಿನ ಔಟ್‌ಪುಟ್ಟನ್ನು ಅದರ ಲೈನ್ ಇನ್‌ಗೆ ಕೊಟ್ಟು, ಸೂಜಿ ಕೆಂಪಿಗೆ ತಾಗುವಂತೆ ರೆಕಾರ್ಡ್ ಮಾಡಿ, ವಾಪಸ್ ಕಂಪ್ಯೂಟರಿಗೆ ತನ್ನಿ. ಸ್ನೇರಿನ ಮೊನೆ ಸವೆದು ದುಂಡಗಾಗುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡ್ಯಾಪ್‌ಟೋನ್ ಎಂಬ ಸಣ್ಣ ಕಂಪನಿ ಇದೆ. 2000ದ ನಂತರವೂ ಅವರು ಒಂದು ಹಳೇ ಮನೆಯಲ್ಲಿ, ಎಂಟು ಟ್ರ್ಯಾಕಿನ ಟೇಪಿನಲ್ಲೇ ಗಾಯಕಿ ಶರೋನ್ ಜೋನ್ಸ್ ಅವರ ರೆಕಾರ್ಡುಗಳನ್ನು ಮಾಡಿದರು. ಕೇಳಿ ನೋಡಿ, 1970ರದ್ದು ಅಂತಲೇ ಅನ್ನಿಸುತ್ತದೆ.

ಸದ್ದು ಹಿಡಿಸಿದ ದಿನ ಏನನ್ನೂ ಬಿಚ್ಚುವ ಮೊದಲು ಪ್ರತಿ ಸ್ಟ್ಯಾಂಡಿನ ಕಾಲು, ಡ್ರಮ್ಮಿನ ಕಾಲು ಇರುವ ಜಾಗಕ್ಕೆ ಜಮಖಾನದ ಮೇಲೆ ಟೇಪ್ ಅಂಟಿಸಿ. ಮೈಕಿನ ಎತ್ತರವನ್ನು ಅಳತೆ ಟೇಪಿನಲ್ಲಿ ಅಳೆದು ಬರೆದಿಡಿ. ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಸ್ನೇರ್ ಮೇಲಿನ ಕರ್ಚೀಫ್ ಎಲ್ಲಿ ಅಂಟಿತ್ತು ಅನ್ನುವುದೂ ಅದರಲ್ಲಿ ಕಾಣಲಿ.